ಹಳೆಯ ಕಾರಿಗೆ ಹೊಸ ಇಂಜಿನು

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದರು ನಮ್ಮ ಹಿರಿಯರು. ಅವರ ಕಾಲದಲ್ಲಿ ಮನೆಮನೆಗೆ ಮೋಟಾರು ಇರಲಿಲ್ಲ. ಇದ್ದಿದ್ದರೆ ‘ಹಳೆಯ ಕಾರಿಗೆ ಹೊಸ ಇಂಜಿನು ಹಾಕಿ ನೋಡು’ ಎಂಬ ಮೂರನೆಯ ಮಾತನ್ನೂ ಸೇರಿಸುತ್ತಿದ್ದರೇನೋ! ಕೇರಳದಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಲ್ಲಿ ಈ ಆಸೆ ಇಟ್ಟುಕೊಂಡವರು ಕೆಲವರುಂಟು. ತಂದೆಯೋ ಅಜ್ಜನೋ ಕೊಂಡ ಅಂಬಾಸಿಡರ್ ಅಥವಾ ಫಿಯೆಟ್ ಅಂಗಳದ ಮೂಲೆಯಲ್ಲಿ ಟಾರ್ಪಾಲು ಹೊದ್ದು ನಿಂತಿರುತ್ತದೆ. ಮಾರಲು ಮನಸ್ಸು ಬಾರದು. ದೂರಕ್ಕೆ ಓಡಿಸಲು ಧೈರ್ಯ ಸಾಲದು. ಆಗ ಮನೆಯ ಕಿರಿಯರು ಒಂದು ಉಪಾಯ ಹೇಳುತ್ತಾರೆ: ಮೈ ಹಳೆಯದೇ ಇರಲಿ, ಒಳಗೆ ಹೊಸ ಇಂಜಿನು, ಐದು ಗೇರಿನ ಹೊಸ ಪೆಟ್ಟಿಗೆ ಕೂರಿಸೋಣ. ಕೇಳಲು ಇಂಪಾದ ಮಾತು. ಆದರೆ ಕೈಹಾಕುವ ಮುನ್ನ ತಿಳಿದುಕೊಳ್ಳತಕ್ಕ ಸಂಗತಿಗಳು ಹಲವಿವೆ. ಅವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಉದಾಹರಣೆಗಾಗಿ ಎರ್ನಾಕುಳಂನಲ್ಲಿರುವ ನಮ್ಮ ಬಾಂಧವರೊಬ್ಬರ ಮನೆಯ ವಿಷಯವನ್ನೇ ತೆಗೆದುಕೊಳ್ಳೋಣ. ಹೆಸರು ಬೇಡ, ರಾಯರೆಂದು ಕರೆದರೆ ಸಾಕು. ಅವರ ತಂದೆ ಕುಂದಾಪುರದ ಕಡೆಯಿಂದ ಬಂದು ಹೋಟೆಲು ನಡೆಸಿದವರು. 1968ರಲ್ಲಿ ಮಾರ್ಕ್ 2 ಅಂಬಾಸಿಡರ್ ಕೊಂಡರು. ಕೆ.ಎಲ್.ಇ. ಎಂದು ಆರಂಭವಾಗುವ, ಎರ್ನಾಕುಳಂ ಜಿಲ್ಲೆಯ ಹಳೆಯ ನಂಬರು ಇಂದಿಗೂ ಅದರ ಮೇಲಿದೆ. ರಾಯರಿಗೆ ಈಗ ಎಪ್ಪತ್ತಾರು ವರ್ಷ. ಮಗಳು ಅಳಿಯ ತಿರುವನಂತಪುರದಲ್ಲಿದ್ದಾರೆ. ಅಳಿಯಂದಿರಿಗೆ ಟೆಕ್ನೋಪಾರ್ಕಿನಲ್ಲಿ ಉದ್ಯೋಗ. ಮೊಮ್ಮಗನ ಉಪನಯನಕ್ಕೆ ಇದೇ ಕಾರಿನಲ್ಲಿ ತಿರುವನಂತಪುರಕ್ಕೆ ಹೋಗಬೇಕೆಂಬುದು ರಾಯರ ಆಸೆ. ಆಲಪ್ಪುಳ, ಕೊಲ್ಲಂ ಮೇಲಾಗಿ ಹೋಗುವ ಹೆದ್ದಾರಿಯಲ್ಲಿ ಸುಮಾರು 200 ಕಿಲೋಮೀಟರಿನ ದಾರಿ. ಕಾರಾದರೋ ವೈಟ್ಟಿಲ ದಾಟುವುದರೊಳಗೆ ಬಿಸಿಯಾಗಿ ಆವಿ ಬಿಡುತ್ತಿತ್ತು.

“ಮಾವ, ಇಸುಜು ಇಂಜಿನು ಹಾಕಿಸಿಬಿಡೋಣ. ಗೇರೂ ಅದರದ್ದೇ ಬರುತ್ತದೆ. ಮೂರೂವರೆ ನಾಲ್ಕು ಗಂಟೆಯಲ್ಲಿ ನಮ್ಮ ಮನೆಯ ಮುಂದೆ ಇರುತ್ತೀರಿ” ಎಂದರು ಅಳಿಯಂದಿರು.

“ಅಪ್ಪಯ್ಯನ ಕಾರು ಅಂತ ಆಮೇಲೆ ಯಾವುದನ್ನು ತೋರಿಸಲಿ ಮಾರಾಯರೆ?” ಎಂದರು ರಾಯರು.

ಇಬ್ಬರ ಮಾತಿನಲ್ಲೂ ನ್ಯಾಯವಿತ್ತು. ಆದುದರಿಂದ ನಾವು ಅವರೊಡನೆ ಕೂತು ವಿಷಯವನ್ನು ಬುಡದಿಂದ ವಿಚಾರಿಸಿದೆವು.

ಕಾರ್ಖಾನೆಗಳೇ ಮಾಡಿದ ಕಸಿ

ಒಬ್ಬರ ಗಾಡಿಗೆ ಇನ್ನೊಬ್ಬರ ಇಂಜಿನು ಹಾಕುವುದು ಹೊಸ ಮಾತೇನೂ ಅಲ್ಲ. ತಿರುವನಂತಪುರದಲ್ಲಿ 1938ರ ಫೆಬ್ರವರಿ 20ರಂದು ಮಹಾರಾಜ ಚಿತ್ತಿರ ತಿರುನಾಳರು ತಿರುವಾಂಕೂರಿನ ಸರ್ಕಾರಿ ಬಸ್ಸು ಸಂಚಾರಕ್ಕೆ ಚಾಲನೆ ಕೊಟ್ಟರಷ್ಟೆ. ಇಂದಿನ ಕೇರಳ ರಾಜ್ಯ ರಸ್ತೆ ಸಾರಿಗೆ ಸಂಸ್ಥೆಯ ಮೂಲ ಅದೇ. ಅಂದು ಇಂಗ್ಲೆಂಡಿನಿಂದ ತರಿಸಿದ 60 ಗಾಡಿಗಳ ಚಾಸಿ ಕಾಮರ್ ಕಂಪನಿಯದು, ಡೀಸೆಲ್ ಇಂಜಿನು ಪರ್ಕಿನ್ಸ್ ಕಂಪನಿಯದು. ಒಂದಕ್ಕೊಂದು ಹೊಂದುವಂತೆ ತಜ್ಞರು ಲೆಕ್ಕ ಹಾಕಿ ಜೋಡಿಸಿದ್ದರು.

ನಮ್ಮ ದೇಶದ ಕಾರುಗಳ ಚರಿತ್ರೆಯಂತೂ ಇಂತಹ ಕಸಿಗಳ ಚರಿತ್ರೆಯೇ ಸರಿ. 1985ರಲ್ಲಿ ಬಂದ ಪ್ರೀಮಿಯರ್ 118 ಎನ್.ಇ. ಕಾರಿನ ಮೈ ಫಿಯೆಟ್ 124ರದು. ಅದರೊಳಗೆ ಕೂತದ್ದು ಜಪಾನಿನ ನಿಸಾನ್ ಕಂಪನಿಯ 1171 ಸಿ.ಸಿ. ಇಂಜಿನು ಮತ್ತು ಗೇರು ಪೆಟ್ಟಿಗೆ. 1984ರಲ್ಲಿ ಬಂದ ಕಾಂಟೆಸ್ಸಾ ವಾಕ್ಸ್‌ಹಾಲ್ ಕಂಪನಿಯ ಮೈಕಟ್ಟಿನ ದೊಡ್ಡ ಕಾರು. ಮೊದಮೊದಲು ಅದಕ್ಕೆ ಅಂಬಾಸಿಡರಿನ 1489 ಸಿ.ಸಿ. ಇಂಜಿನನ್ನೇ ಹಾಕಿದರು. ಸುಮಾರು 50 ಅಶ್ವಶಕ್ತಿಯ ಆ ಇಂಜಿನು ಅಷ್ಟು ಭಾರವನ್ನು ಎಳೆಯಲಾರದೆ ಏದುಸಿರು ಬಿಟ್ಟಿತು. ಮುಂದೆ ಇಸುಜು 1.8 ಲೀಟರಿನ ಇಂಜಿನು, ಐದು ಗೇರುಗಳ ಪೆಟ್ಟಿಗೆ ಬಂದ ಮೇಲೆಯೇ ಕಾಂಟೆಸ್ಸಾಕ್ಕೆ ಹೆಸರು ಬಂದದ್ದು.

ಅಂಬಾಸಿಡರಿಗೂ 1990ರ ದಶಕದ ಆರಂಭದಲ್ಲಿ ಅದೇ ಭಾಗ್ಯ ಒದಗಿತು. 1800 ಐ.ಎಸ್.ಜೆಡ್. ಎಂಬ ಆ ಮಾದರಿಗೆ 1817 ಸಿ.ಸಿ.ಯ, 75 ಅಶ್ವಶಕ್ತಿಯ ಇಸುಜು ಇಂಜಿನು. ಗೇರುಗಳು ನಾಲ್ಕಿದ್ದದ್ದು ಐದಾದವು. ಸ್ಟಿಯರಿಂಗಿನ ಪಕ್ಕದಲ್ಲಿದ್ದ ಗೇರಿನ ಹಿಡಿ ನೆಲಕ್ಕಿಳಿಯಿತು. ಮುಂದಿನ ಸಾಲಿನಲ್ಲಿ ಮೂವರು ಒತ್ತಾಗಿ ಕೂರುತ್ತಿದ್ದ ಉದ್ದನೆಯ ಸೀಟು ಹೋಗಿ ಎರಡು ಬಿಡಿ ಸೀಟುಗಳು ಬಂದವು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೈ, ಜಪಾನಿನ ಎದೆ, ಬಂಗಾಳದ ಉತ್ತರಪಾರಾದಲ್ಲಿ ಜೋಡಣೆ! 2014ರ ಮೇ ತಿಂಗಳಲ್ಲಿ ಆ ಕಾರ್ಖಾನೆ ಕೆಲಸ ನಿಲ್ಲಿಸುವವರೆಗೂ ಅಂಬಾಸಿಡರ್ ಆಕಾರದಲ್ಲಿ ಹೆಚ್ಚು ಬದಲಾಗಲಿಲ್ಲ. ಬದಲಾದದ್ದು ಒಳಗಿನ ಯಂತ್ರ.

ಇದಕ್ಕೆ ತಿರುವುಮುರುವಾದ ಕಥೆಯೂ ಒಂದುಂಟು. 1985ರಲ್ಲಿ ಮದರಾಸಿನ ಸ್ಟಾಂಡರ್ಡ್ ಕಂಪನಿಯವರು ರೋವರ್ ಕಾರಿನ ನವೀನ ಮೈಗೆ ತಮ್ಮಲ್ಲಿದ್ದ ಬಹು ಹಳೆಯ ಕಾಲದ 2 ಲೀಟರ್ ಇಂಜಿನು ಹಾಕಿ ಸ್ಟಾಂಡರ್ಡ್ 2000 ಎಂಬ ಕಾರು ಹೊರತಂದರು. ನೋಡಲು ಚೆಲುವೆ, ನಡಿಗೆ ಮಾತ್ರ ಮಂದ. ಮೂರು ವರ್ಷಗಳಲ್ಲಿ ಅದು ನಿಂತೇಹೋಯಿತು. ಹೊಸದೋ ಹಳೆಯದೋ ಎಂಬುದಕ್ಕಿಂತ, ಹೊಂದುತ್ತದೆಯೋ ಇಲ್ಲವೋ ಎಂಬುದೇ ಮುಖ್ಯವೆಂದು ಇದರಿಂದ ತಿಳಿಯುತ್ತದೆ.

ಜೋಡಿ ಕೂಡಿಸುವ ಕಷ್ಟ

ಹಾಗಾದರೆ ಕಾರ್ಖಾನೆಯವರು ಮಾಡಿದ್ದನ್ನು ನಮ್ಮೂರ ಗ್ಯಾರೇಜಿನಲ್ಲಿ ಮಾಡಲಾಗದೆ? ಎರ್ನಾಕುಳಂನ ಹಿರಿಯ ಮೆಕ್ಯಾನಿಕರೊಬ್ಬರನ್ನು ಕೇಳಿದೆವು. ಇಲ್ಲಿ ಇಂತಹವರನ್ನು ‘ಆಶಾನ್’ ಎಂದು ಗೌರವದಿಂದ ಕರೆಯುವ ರೂಢಿ, ಗುರು ಎಂದರ್ಥ. “ಮಾಡಲಾಗದ್ದು ಏನೂ ಇಲ್ಲ. ಆದರೆ ಇಂಜಿನು ಒಂದನ್ನೇ ಬದಲಾಯಿಸುತ್ತೇನೆ ಅಂದುಕೊಂಡು ಬರುವವರು, ಕಡೆಗೆ ಅರ್ಧ ಕಾರು ಬದಲಾಯಿಸಿ ಹೋಗುತ್ತಾರೆ” ಎಂದು ಅವರು ನಕ್ಕರು.

ಅದು ಹೇಗೆಂದು ನೋಡೋಣ. ಇಂಜಿನಿನ ಶಕ್ತಿ ಚಕ್ರವನ್ನು ಸೇರುವುದು ಸರಪಳಿಯ ಹಾಗೆ: ಇಂಜಿನು, ಕ್ಲಚ್ಚು, ಗೇರು ಪೆಟ್ಟಿಗೆ, ಉದ್ದನೆಯ ಪ್ರೊಪೆಲ್ಲರ್ ಶಾಫ್ಟು, ಹಿಂದಿನ ಆಕ್ಸಲ್ಲು. ಹೊಸ ಇಂಜಿನನ್ನು ಹಳೆಯ ಗೇರು ಪೆಟ್ಟಿಗೆಗೆ ಕಟ್ಟಿದರೆ ನಡುವಿನ ಗಂಟೆಯಾಕಾರದ ಹೌಸಿಂಗಿನ ಬೋಲ್ಟು ತೂತುಗಳೇ ಒಂದಕ್ಕೊಂದು ಕೂಡುವುದಿಲ್ಲ. ಕ್ಲಚ್ ಪ್ಲೇಟಿನ ಹಲ್ಲುಗಳು ಗೇರು ಶಾಫ್ಟಿನ ಹಲ್ಲುಗಳಿಗೆ ಕೂರವು. ಲೇತಿನಲ್ಲಿ ಕಡೆಸಿದ ತಟ್ಟೆಯೊಂದನ್ನು ಮಧ್ಯೆ ಇಟ್ಟು ಹೇಗೋ ಕೂಡಿಸಿದರೂ ಎರಡು ಶಾಫ್ಟುಗಳ ನಡು ಒಂದು ಕೂದಲೆಳೆಯಷ್ಟು ತಪ್ಪಿದರೆ ಸಾಕು, ಬೇರಿಂಗುಗಳು ಬೇಗ ಹಾಳಾಗುತ್ತವೆ. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಎಂಬ ಗಾದೆ ಇಂತಹ ಜೋಡಿಗೆಂದೇ ಹುಟ್ಟಿದಂತಿದೆ. ಆದಕಾರಣ ತಿಳಿದವರು ಇಂಜಿನನ್ನೂ ಗೇರು ಪೆಟ್ಟಿಗೆಯನ್ನೂ ಒಂದೇ ಕಾರಿನಿಂದ ಜೊತೆಯಾಗಿ ಇಳಿಸಿ, ಜೊತೆಯಾಗಿಯೇ ಕೂರಿಸುತ್ತಾರೆ.

ಅಲ್ಲಿಗೂ ಕೆಲಸ ಮುಗಿಯಲಿಲ್ಲ. ಹೊಸ ಪೆಟ್ಟಿಗೆಯ ಉದ್ದ ಬೇರೆಯಾದ್ದರಿಂದ ಪ್ರೊಪೆಲ್ಲರ್ ಶಾಫ್ಟನ್ನು ಕತ್ತರಿಸಿ ಅಳತೆಗೆ ತಂದು, ಮತ್ತೆ ತೂಗಿ ಸಮತೋಲ ಮಾಡಿಸಬೇಕು. ಇಂಜಿನು ಕೂರುವ ರಬ್ಬರು ಮೌಂಟುಗಳ ಜಾಗ ಬದಲಾಗಬೇಕು. ಗೇರಿನ ಹಿಡಿಗಾಗಿ ನೆಲದ ತಗಡಿನಲ್ಲಿ ತೂತು ಕೊರೆಯಬೇಕು. ರೇಡಿಯೇಟರು, ಸೈಲೆನ್ಸರು, ಸ್ಪೀಡೋಮೀಟರಿನ ಕೇಬಲ್ಲು, ವಿದ್ಯುತ್ತಿನ ವಯರುಗಳು ಎಲ್ಲಕ್ಕೂ ಕೈ ಹಾಕಬೇಕಾಗುತ್ತದೆ.

ಐದನೆಯ ಗೇರಿನಿಂದ ಲಾಭವಿದೆ, ಇಲ್ಲವೆನ್ನಲಾಗದು. ಹಳೆಯ ಪೆಟ್ಟಿಗೆಯ ನಾಲ್ಕನೆಯ ಗೇರಿನಲ್ಲಿ ಇಂಜಿನು ಒಂದು ಸುತ್ತು ತಿರುಗಿದರೆ ಶಾಫ್ಟೂ ಒಂದೇ ಸುತ್ತು ತಿರುಗುತ್ತದೆ. ಐದನೆಯ ಗೇರಿನಲ್ಲಿ ಇಂಜಿನು ಒಂದು ಸುತ್ತಿಗಿಂತ ಕಡಿಮೆ ತಿರುಗಿದರೂ ಶಾಫ್ಟು ಪೂರ್ತಿ ಸುತ್ತುತ್ತದೆ. ಆ ಪ್ರಮಾಣ 0.85 ಎಂದಿಟ್ಟುಕೊಳ್ಳಿ: ನಿಮಿಷಕ್ಕೆ 3,000 ಸುತ್ತು ತಿರುಗಬೇಕಾಗಿದ್ದ ಇಂಜಿನಿಗೆ ಅದೇ ವೇಗದಲ್ಲಿ 2,550 ಸಾಕು. ಸದ್ದು, ಸವೆತ, ಪೆಟ್ರೋಲು ಮೂರೂ ಇಳಿಯುತ್ತವೆ. ಆದರೆ ಇದರ ಫಲ ಸಿಗುವುದು ಆಲಪ್ಪುಳದ ಸಮತಟ್ಟಾದ ಹೆದ್ದಾರಿಯಂತಹ ಕಡೆ. ಕೊಚ್ಚಿಯ ಪೇಟೆಯಲ್ಲಿ ಎರಡನೆಯ ಗೇರು ದಾಟುವುದೇ ಕಷ್ಟವಾದಾಗ ಐದನೆಯದು ಇದ್ದೇನು, ಇಲ್ಲದೇನು?

ಎಲ್ಲಕ್ಕಿಂತ ಮುಖ್ಯವಾದದ್ದು ಬ್ರೇಕು. ರಾಯರ ಕಾರಿನ ನಾಲ್ಕು ಚಕ್ರಗಳಿಗೂ ಹಳೆಯ ಡ್ರಮ್ ಬ್ರೇಕುಗಳೇ. ವೇಗ 60ರಿಂದ 80 ಕಿಲೋಮೀಟರಿಗೆ ಏರಿದರೆ ಮೂರನೆಯ ಒಂದು ಪಾಲು ಮಾತ್ರ ಹೆಚ್ಚಾಯಿತೆಂದು ನಮಗೆ ತೋರುತ್ತದೆ. ಆದರೆ ಕಾರನ್ನು ನಿಲ್ಲಿಸಲು ಬ್ರೇಕು ಅಡಗಿಸಬೇಕಾದ ಶಕ್ತಿ ವೇಗದ ವರ್ಗದಂತೆ ಬೆಳೆಯುತ್ತದೆ. ಅಂದರೆ ಮೊದಲಿಗಿಂತ ಸುಮಾರು ಒಂದೂಮುಕ್ಕಾಲು ಪಾಲಾಗುತ್ತದೆ. ಕಾರ್ಖಾನೆಯವರಾದರೆ ಇದನ್ನೆಲ್ಲ ಪರೀಕ್ಷೆ ಮಾಡಿ ನೋಡಿರುತ್ತಾರೆ. ಗ್ಯಾರೇಜಿನಲ್ಲಿ ಕೂಡಿಸಿದ ಕಾರಿನ ಮೊದಲ ಪರೀಕ್ಷೆ ನಡೆಯುವುದು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೊರಟ ದಿನವೇ!

ಕಾಯಿದೆ ಏನು ಹೇಳುತ್ತದೆ?

ಯಂತ್ರದ ಮಾತು ಹಾಗಿರಲಿ, ಕಾಗದದ ಮಾತು ಇನ್ನೂ ಬಿಗಿಯಾದದ್ದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ತಯಾರಕರು ಮೂಲದಲ್ಲಿ ಗೊತ್ತುಮಾಡಿದ ವಿವರಗಳಿಗೆ ನೋಂದಣಿ ಪತ್ರದ ವಿವರಗಳು ಹೊಂದದೆ ಹೋಗುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸಕೂಡದೆಂದು ವಿಧಿಸುತ್ತದೆ. ಈ ಕಲಮಿನ ಅರ್ಥವೇನೆಂಬ ವಿವಾದ ಕೇರಳದಿಂದಲೇ ಸುಪ್ರೀಂ ಕೋರ್ಟಿಗೆ ಹೋಯಿತು. ಸ್ವಲ್ಪ ಸಡಿಲವಾಗಿದ್ದ ಕೇರಳ ಹೈಕೋರ್ಟಿನ ತೀರ್ಪನ್ನು 2019ರ ಜನವರಿ 9ರಂದು ಸುಪ್ರೀಂ ಕೋರ್ಟು ತಳ್ಳಿಹಾಕಿ, ತಯಾರಕರ ಮೂಲ ವಿವರಗಳನ್ನು ಮೀರಿದ ಮಾರ್ಪಾಡು ಸಲ್ಲದೆಂದು ಸ್ಪಷ್ಟಪಡಿಸಿತು. ಅದೇ ವರ್ಷದ ತಿದ್ದುಪಡಿ ಕಾಯಿದೆಯು ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಎಂದು ಗೊತ್ತುಮಾಡಿತು.

1968ರ ಅಂಬಾಸಿಡರಿನ ಪತ್ರದಲ್ಲಿ 1489 ಸಿ.ಸಿ. ಎಂದಿದೆ. ಅದರೊಳಗೆ 1817 ಸಿ.ಸಿ.ಯ ಇಸುಜು ಕೂತರೆ, ಎರಡೂ ಒಂದೇ ಕಂಪನಿಯ ಅಂಬಾಸಿಡರಿನವೇ ಆದರೂ, ಮಾದರಿ ಬೇರೆಯಾಯಿತು. ಹಳೆಯ ಇಂಜಿನು ಪೂರ್ತಿ ಕೆಟ್ಟಿದ್ದರೆ ಅದೇ ತಯಾರಿಯ, ಅದೇ ಮಾದರಿಯ ಇನ್ನೊಂದು ಇಂಜಿನಿಗೆ ಸಾರಿಗೆ ಕಚೇರಿಯ ಅನುಮತಿ ಕೇಳುವ ದಾರಿಯಿದೆ. ಅನುಮತಿ ಪಡೆದು ಬದಲಾಯಿಸಿದ ಮೇಲೆ 14 ದಿನಗಳೊಳಗೆ ವರದಿ ಮಾಡಿ, ಹೊಸ ಇಂಜಿನು ನಂಬರನ್ನು ಪತ್ರದಲ್ಲಿ ಬರೆಯಿಸಿಕೊಳ್ಳತಕ್ಕದ್ದು.

“ಯಾರು ಬಾನೆಟ್ಟು ಎತ್ತಿ ನೋಡುತ್ತಾರೆ?” ಎನ್ನುವವರುಂಟು. ನೋಡುತ್ತಾರೆ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಲೇಬೇಕು. ಆಗ ಚಾಸಿ ನಂಬರು, ಇಂಜಿನು ನಂಬರು ಎರಡನ್ನೂ ತಾಳೆ ನೋಡುತ್ತಾರೆ. 600 ರೂಪಾಯಿ ಇದ್ದ ಈ ನವೀಕರಣ ಶುಲ್ಕ 2022ರ ಏಪ್ರಿಲಿನಲ್ಲಿ 5,000 ಆಯಿತು. 2025ರಲ್ಲಿ ಇಪ್ಪತ್ತು ವರ್ಷ ದಾಟಿದ ಕಾರುಗಳಿಗೆ 10,000ಕ್ಕೆ ಏರಿತು. ಅಷ್ಟು ತೆತ್ತು ಹೋದಾಗ ನಂಬರು ತಾಳೆಯಾಗದಿದ್ದರೆ ಕಾರು ಅಂಗಳದ ಶೋಭೆಗೆ ಮಾತ್ರ. ಅಪಘಾತವಾದರೆ ವಿಮೆಯವರೂ ಮೊದಲು ಕೇಳುವುದು ಆ ಪತ್ರವನ್ನೇ. ಮಾರ್ಪಾಡನ್ನು ಮುಚ್ಚಿಟ್ಟವರ ಕೈಗೆ ಪರಿಹಾರದ ಹಣ ಬರುವುದು ಕಷ್ಟ. ಎದುರಿನವರಿಗೆ ಪೆಟ್ಟಾಗಿದ್ದರೆ ಆ ಹೊರೆ ಮನೆಯ ಮೇಲೆಯೇ ಬೀಳಬಹುದು.

ಇನ್ನೊಂದು ನಷ್ಟವಿದೆ, ಅದು ಬೇಗ ಕಣ್ಣಿಗೆ ಬೀಳುವುದಿಲ್ಲ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದು ಪ್ರತ್ಯೇಕ ನಿಯಮ ಮಾಡಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿ, ಚಾಸಿ, ಮೈ, ಇಂಜಿನುಗಳಲ್ಲಿ ದೊಡ್ಡ ಮಾರ್ಪಾಡಿಲ್ಲದೆ ಮೂಲ ರೂಪದಲ್ಲಿರುವ ವಾಹನಕ್ಕೆ ಆ ಮಾನ್ಯತೆ. ಶುಲ್ಕ 20,000 ರೂಪಾಯಿ, ಹತ್ತು ವರ್ಷ ಊರ್ಜಿತ, ನವೀಕರಣಕ್ಕೆ 5,000. ಆಗಲೇ ನೋಂದಣಿಯಾಗಿರುವ ಕಾರು ತನ್ನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಆದರೆ ಅಂತಹ ಕಾರನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ ಮುಂತಾದವಕ್ಕೆ ಮಾತ್ರ ರಸ್ತೆಗೆ ತರಬಹುದು, ದಿನನಿತ್ಯದ ಓಡಾಟಕ್ಕಲ್ಲ. ಇಂಜಿನು ಬದಲಾಯಿಸಿದವರಿಗೆ ಈ ಬಾಗಿಲು ಮುಚ್ಚಿದಂತೆಯೇ.

ಕರ್ನಾಟಕದ ನಂಬರಿನ ಕಾರನ್ನು ಕೇರಳಕ್ಕೆ ತಂದಿಟ್ಟುಕೊಂಡ ನಮ್ಮವರಿಗೆ ಇಲ್ಲೇ ಒಂದು ಮಾತು. ಹನ್ನೆರಡು ತಿಂಗಳಿಗೆ ಮೀರಿ ಬೇರೆ ರಾಜ್ಯದಲ್ಲಿಟ್ಟರೆ ಅಲ್ಲಿಯ ನಂಬರಿಗೆ ಅರ್ಜಿ ಹಾಕಬೇಕೆಂಬುದು ಕಾಯಿದೆ. ಆಗಲೂ ಪತ್ರ ಮತ್ತು ಇಂಜಿನು ಒಂದೇ ಮಾತಾಡಬೇಕು.

ರಾಯರ ಮನೆಯ ತೀರ್ಮಾನ

ಇಷ್ಟೆಲ್ಲ ಕೇಳಿದ ಮೇಲೆ ಅಳಿಯಂದಿರು ತಾವಾಗಿಯೇ ಇಸುಜುವಿನ ಮಾತು ಬಿಟ್ಟರು. ಹಾಗೆಂದು ಕಾರನ್ನು ಟಾರ್ಪಾಲಿನ ಕೆಳಗೆ ಬಿಡಲೂ ಇಲ್ಲ. “ಹಾಗಾದರೆ ಇದೇ ಇಂಜಿನನ್ನು ಸರಿಮಾಡಿಸೋಣ ಮಾವ, ಖರ್ಚಿನಲ್ಲಿ ಅರ್ಧ ನನ್ನದು” ಎಂದರು.

ಆಶಾನರು ಮೊದಲು ನಾಲ್ಕು ಸಿಲಿಂಡರುಗಳ ಒತ್ತಡ ಅಳೆದರು. ಎರಡು ತೀರ ಸೊರಗಿದ್ದವು. ಇಂಜಿನು ಬಿಚ್ಚಿ, ಸಿಲಿಂಡರು ಕೊರೆದು, ಅಳತೆಗೆ ಸರಿಯಾದ ದಪ್ಪನೆಯ ಪಿಸ್ಟನ್ನುಗಳನ್ನು ಹಾಕಿದರು. ಕ್ರಾಂಕ್ ಶಾಫ್ಟನ್ನು ಉಜ್ಜಿಸಿ ಹೊಸ ಬೇರಿಂಗು ಕೂರಿಸಿದರು. ವಾಲ್ವುಗಳನ್ನು ಅರೆದು ಕೂಡಿಸಿದರು. ಗೇರು ಪೆಟ್ಟಿಗೆಯ ಸವೆದ ಬೇರಿಂಗುಗಳೂ ಕ್ಲಚ್ ಪ್ಲೇಟೂ ಹೊಸದಾದವು. ಆವಿ ಬಿಡುತ್ತಿದ್ದುದಕ್ಕೆ ಕಾರಣ ಇಂಜಿನೊಂದೇ ಆಗಿರಲಿಲ್ಲ: ವರ್ಷಗಟ್ಟಲೆ ಬಾವಿಯ ಉಪ್ಪುನೀರು ಹುಯ್ದು ರೇಡಿಯೇಟರಿನ ಕೊಳವೆಗಳಲ್ಲಿ ಕಲ್ಲು ಕಟ್ಟಿತ್ತು. ಅದನ್ನು ತೆಗೆಸಿ ಕೂಲೆಂಟ್ ತುಂಬಿಸಿದರು. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇರುವುದರಿಂದ, ಅದನ್ನು ತಾಳದ ಹಳೆಯ ರಬ್ಬರು ಕೊಳವೆಗಳನ್ನೂ ಬದಲಾಯಿಸಿದರು. ಬ್ರೇಕಿನ ಸಿಲಿಂಡರುಗಳು, ಲೈನಿಂಗುಗಳು ಹೊಸವಾದವು. ಇಂಜಿನು ನಂಬರು ಅದೇ. ಪತ್ರದ ಒಂದಕ್ಷರವೂ ಬದಲಾಗಬೇಕಾಗಲಿಲ್ಲ.

ಮೊದಲ ಸಾವಿರ ಕಿಲೋಮೀಟರು ಮೆಲ್ಲಗೆ ಓಡಿಸಿ ಪಳಗಿಸಿದ ಮೇಲೆ ರಾಯರ ಸಂಸಾರ ಉಪನಯನಕ್ಕೆ ಹೊರಟಿತು. ಬೆಳಗಿನ ಜಾವ ಐದಕ್ಕೆ ಬಿಟ್ಟವರು, ಕರುನಾಗಪಳ್ಳಿಯಲ್ಲಿ ತಿಂಡಿಗೆ ನಿಂತು, ಹನ್ನೊಂದರೊಳಗೆ ಮಗಳ ಮನೆ ಸೇರಿದರು. ನಾಲ್ಕು ಗಂಟೆಯಲ್ಲಿ ಮುಗಿಯಲಿಲ್ಲ, ನಿಜ. ಆದರೆ ದಾರಿಯಲ್ಲಿ ಒಮ್ಮೆಯೂ ಬಾನೆಟ್ಟು ಎತ್ತಲಿಲ್ಲ.

ತಿರುವನಂತಪುರದಲ್ಲಿ ಹಳೆಯ ಇಂಜಿನಿನ ಬಾಳಿಕೆಗೆ ಹೆಸರಾದ ಕಾರೊಂದಿತ್ತು. ತಿರುವಾಂಕೂರು ರಾಜಮನೆತನದ ಉತ್ರಾಡಂ ತಿರುನಾಳ್ ಮಾರ್ತಾಂಡ ವರ್ಮರು 2013ರಲ್ಲಿ ತೀರಿಕೊಳ್ಳುವವರೆಗೂ ಅಕ್ಕರೆಯಿಂದ ಇಟ್ಟುಕೊಂಡಿದ್ದ, 1950ರ ದಶಕದ ಮರ್ಸಿಡಿಸ್ ಬೆಂಜ್ 180 ಅದು. ಅದರ ಸಿ.ಎ.ಎನ್. 42 ಎಂಬ ನಂಬರು ನಮ್ಮ ಕರ್ನಾಟಕದ ನೋಂದಣಿಯದು. ಲಕ್ಷಗಟ್ಟಲೆ ಮೈಲಿ ಓಡಿದ ಆ ಕಾರಿನ ಗುಟ್ಟು ಕಾಲಕಾಲದ ಆರೈಕೆಯಲ್ಲಿತ್ತು.

ಹಳೆಯ ಕಾರುಳ್ಳ ನಮ್ಮ ಬಂಧುಗಳಿಗೆ ನಾವು ಹೇಳುವುದಿಷ್ಟೆ. ಜಪಾನಿ ಇಂಜಿನು, ಐದು ಗೇರು ಬೇಕೇ ಬೇಕೆಂದಿದ್ದರೆ, ಕಾರ್ಖಾನೆಯಿಂದಲೇ ಹಾಗೆ ಹೊರಬಂದ 1990ರ ದಶಕದ ಅಂಬಾಸಿಡರನ್ನೋ ಕಾಂಟೆಸ್ಸಾವನ್ನೋ ಕಾಗದಪತ್ರ ಸಹಿತ ಹುಡುಕಿ ಕೊಳ್ಳಿ. ಐವತ್ತು ವರ್ಷ ದಾಟಿದ ಕಾರನ್ನು ಕತ್ತರಿಸಬೇಡಿ. ಯಾವ ಕೆಲಸಕ್ಕೂ ಮೊದಲು ನೋಂದಣಿ ಪತ್ರವನ್ನು ಕೈಯಲ್ಲಿ ಹಿಡಿದು ಇಂಜಿನು ನಂಬರು, ಚಾಸಿ ನಂಬರು ಎರಡನ್ನೂ ಓದಿ ನೋಡಿ. ಸಾರಿಗೆ ಕಚೇರಿಯಲ್ಲಿ ಕೇಳಿ. ಅನಂತರ ಗ್ಯಾರೇಜಿಗೆ ಹೋಗಿ. ಅಲ್ಲಿಯೂ ಮೊದಲು ಬ್ರೇಕು, ಆಮೇಲೆ ರೇಡಿಯೇಟರು, ಕೊನೆಗೆ ಇಂಜಿನು ಎಂಬ ಕ್ರಮವಿರಲಿ. ಹಿರಿಯರು ಬಿಟ್ಟುಹೋದ ಕಾರು ತುಸು ಮೆಲ್ಲಗೆ ಹೋದರೂ, ಮೊಮ್ಮಕ್ಕಳ ಹೆಸರಿಗೆ ನಿರಾತಂಕವಾಗಿ ಬರೆದುಕೊಡುವಂತಿದ್ದರೆ ಅದಕ್ಕಿಂತ ಹೆಚ್ಚಿನ ವೇಗ ಏನು ಬೇಕು?